ಕ್ರೋಮಿಯಂ ವೇಗವರ್ಧಿತ ಅಸಮಮಿತ ಕಾರ್ಬೊನಿಲ್ ಸೇರ್ಪಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕ್ರಿಯೆಯಲ್ಲಿ ನಡೆಯುವುದೇನು?

ಅಲೈಲ್, ಪ್ರೊಪಾರ್ಜಿಲ್ ಅಥವಾ ವಿನೈಲ್ ಹ್ಯಾಲೈಡೊಂದು ಕ್ರೋಮಿಯಂ ಜೊತೆ ಸೇರಿ ಆರ್ಗನೋಕ್ರೋಮಿಯಂ ಆಗುತ್ತದೆ. ಅದು ಆಲ್ಡಿಹೈಡಿನ ಕಾರ್ಬೊನಿಲ್ ಕಾರ್ಬನ್ನಿಗೆ ಸೇರಿ ಆಲ್ಕೊಹಾಲ್ ಕೊಡುತ್ತದೆ. ಇದನ್ನು ನೊಜಾಕಿ–ಹಿಯಾಮಾ–ಕಿಶಿ ಕ್ರಿಯೆ ಎನ್ನುತ್ತಾರೆ. ಲ್ಯಾಬ್ ಮಾತಿನಲ್ಲಿ ಬರೀ ಎನ್‌ಎಚ್‌ಕೆ. ಆಲ್ಡಿಹೈಡಿನ ಎರಡು ಮುಖಗಳಲ್ಲಿ ಯಾವ ಕಡೆಯಿಂದ ಸೇರ್ಪಡೆ ಆಗಬೇಕು ಎಂಬುದನ್ನು ಕ್ರೋಮಿಯಂ ಮೇಲೆ ಕೂತ ಕೈರಲ್ ಲಿಗ್ಯಾಂಡ್ (ಲೋಹಕ್ಕೆ ಅಂಟುವ, ಎಡಗೈ–ಬಲಗೈಯಂತೆ ತನ್ನ ಕನ್ನಡಿಬಿಂಬಕ್ಕೆ ಹೊಂದದ ಅಣು) ನಿರ್ಧರಿಸಿದರೆ ಅದು ಅಸಮಮಿತ ಎನ್‌ಎಚ್‌ಕೆ.

ಗ್ರಿನ್ಯಾರ್ಡ್ ಇರುವಾಗ ಇಷ್ಟು ತಾಪತ್ರಯ ಯಾಕೆ?

ಗ್ರಿನ್ಯಾರ್ಡ್ ಎಂಬ ಮೆಗ್ನೀಸಿಯಂ ಕಾರಕ ಸಿಕ್ಕಿದ್ದಕ್ಕೆಲ್ಲ ಕೈಹಾಕುತ್ತದೆ: ಎಸ್ಟರ್, ಕೀಟೋನ್, ನೈಟ್ರೈಲ್ ಯಾವುದನ್ನೂ ಬಿಡುವುದಿಲ್ಲ. ಆರ್ಗನೋಕ್ರೋಮಿಯಂ(3) (ಆವರಣದ ಅಂಕಿ ಲೋಹದ ಉತ್ಕರ್ಷಣ ಸ್ಥಿತಿ) ಸೌಮ್ಯ ಸ್ವಭಾವದ್ದು, ಪ್ರತ್ಯಾಮ್ಲ ಗುಣವೂ ಕಡಿಮೆ. ಒಂದೇ ಅಣುವಿನಲ್ಲಿ ಆಲ್ಡಿಹೈಡ್, ಕೀಟೋನ್, ಎಸ್ಟರ್ ಮೂರೂ ಇದ್ದರೂ ಅದು ಆಲ್ಡಿಹೈಡನ್ನೇ ಆರಿಸಿಕೊಳ್ಳುತ್ತದೆ. ಆಲ್ಡಿಹೈಡಿನ ಪಕ್ಕದ ಸೂಕ್ಷ್ಮ ಸ್ಟೀರಿಯೊ ಕೇಂದ್ರ (ಎಡ–ಬಲ ರೂಪ ನಿರ್ಧರಿಸುವ ಕಾರ್ಬನ್) ಸಾಮಾನ್ಯವಾಗಿ ಕೆಡುವುದಿಲ್ಲ. ಇಪ್ಪತ್ತು ಮೂವತ್ತು ಹಂತ ದಾಟಿ ಬಂದ ದುಬಾರಿ ತುಣುಕುಗಳೆರಡನ್ನು ಜೋಡಿಸುವ ಹೊತ್ತಿಗೆ ಈ ಗುಣಕ್ಕೆ ಬೆಲೆ ಕಟ್ಟಲಾಗದು. ಬೆಂಜಾಲ್ಡಿಹೈಡಿಗೆ ಅಲೈಲ್ ಹಾಕುವುದಷ್ಟೇ ಕೆಲಸ ಎಂದಾದರೆ ಬೋರಾನಿನ ಸರಳ ವಿಧಾನಗಳಿವೆ, ಅವನ್ನೇ ಬಳಸಿ.

ಇದು ಬೆಳೆದು ಬಂದ ದಾರಿ ಯಾವುದು?

1977ರಲ್ಲಿ ಕ್ಯೋಟೊದ ಹಿತೋಸಿ ನೊಜಾಕಿ, ತಮೆಜಿರೊ ಹಿಯಾಮಾ ಮತ್ತು ಸಂಗಡಿಗರು ಕ್ರೋಮಿಯಂ(3) ಕ್ಲೋರೈಡನ್ನು ಲಿಥಿಯಂ ಅಲ್ಯುಮಿನಿಯಂ ಹೈಡ್ರೈಡಿನಿಂದ ಅಪಕರ್ಷಿಸಿ, ಸಿಕ್ಕ ಕ್ರೋಮಿಯಂ(2)ರಿಂದ ಅಲೈಲ್ ಹ್ಯಾಲೈಡುಗಳನ್ನು ಆಲ್ಡಿಹೈಡಿಗೆ ಸೇರಿಸಿದರು. 1983ರಲ್ಲಿ ಕಾಜುಹಿಕೊ ಟಕಾಯ್ ಸಹಿತ ಅದೇ ಬಳಗ ವಿನೈಲ್ ಹ್ಯಾಲೈಡುಗಳಿಗೂ ಇದನ್ನು ವಿಸ್ತರಿಸಿತು. ಆಮೇಲೆ ಒಂದು ತೊಡಕು ಎದುರಾಯಿತು: ಒಂದು ಬಾಟಲಿಯ ಕ್ರೋಮಿಯಂ ಕ್ಲೋರೈಡಿನಲ್ಲಿ ವಿನೈಲ್ ಕ್ರಿಯೆ ಚೆನ್ನಾಗಿ ನಡೆದರೆ ಇನ್ನೊಂದು ಬಾಟಲಿಯದರಲ್ಲಿ ನಡೆಯುತ್ತಿರಲಿಲ್ಲ. ಕಾರಣ ನಿಕ್ಕಲ್ ಕಲ್ಮಶ. 1986ರಲ್ಲಿ ಹಾರ್ವರ್ಡಿನ ಯೋಶಿತೊ ಕಿಶಿಯವರ ತಂಡ ಮತ್ತು ಟಕಾಯ್–ನೊಜಾಕಿ ತಂಡ ಬೇರೆ ಬೇರೆಯಾಗಿ ಇದನ್ನು ಪತ್ತೆ ಮಾಡಿದವು. ಅಶುದ್ಧ ಬಾಟಲಿಯೇ ಸರಿಯಾದ ಬಾಟಲಿಯಾಗಿತ್ತು!

1996ರಲ್ಲಿ ಮ್ಯುಲ್‌ಹೈಮಿನ ಅಲೋಯಿಸ್ ಫ್ಯೂರ್ಸ್ಟ್ನರ್ ಮತ್ತು ಶಿ ಕ್ರೋಮಿಯಮ್ಮನ್ನು ವೇಗವರ್ಧಕ ಪ್ರಮಾಣಕ್ಕೆ ಇಳಿಸಿದರು. ಕೈರಲ್ ಲಿಗ್ಯಾಂಡಿಗೆ ನಿಜವಾದ ಬಾಗಿಲು ತೆರೆದದ್ದು ಅಲ್ಲಿ. 1999ರಲ್ಲಿ ಬೊಲೊನ್ಯಾದ ಕೊಜ್ಜಿ, ಉಮಾನಿ-ರೊಂಕಿ ಮತ್ತಿತರರು ಸ್ಯಾಲೆನ್ ಲಿಗ್ಯಾಂಡಿನಿಂದ ವೇಗವರ್ಧಕ ಅಸಮಮಿತ ಅಲೈಲೇಷನ್ ಸಾಧಿಸಿದರು.

ಹಳೆಯ ವಿಧಾನದಲ್ಲಿ ಅಷ್ಟೊಂದು ಕ್ರೋಮಿಯಂ ಬೇಕಾಗುತ್ತಿದ್ದದ್ದು ಯಾಕೆ? ಈಗ 10 ಮೋಲ್% (ನೂರು ಆಲ್ಡಿಹೈಡ್ ಅಣುವಿಗೆ ಹತ್ತು) ಸಾಕಾಗುವುದು ಹೇಗೆ?

ಕ್ರೋಮಿಯಂ(2) ಒಂದು ಸಲಕ್ಕೆ ಒಂದೇ ಎಲೆಕ್ಟ್ರಾನ್ ಕೊಡುತ್ತದೆ. ಕಾರ್ಬನ್–ಹ್ಯಾಲೊಜನ್ ಬಂಧ ಮುರಿದು ಕಾರ್ಬನ್–ಕ್ರೋಮಿಯಂ ಬಂಧ ಆಗಲು ಎರಡು ಎಲೆಕ್ಟ್ರಾನ್ ಬೇಕು. ಮೊದಲ ಕ್ರೋಮಿಯಂ ಹ್ಯಾಲೊಜನ್ನನ್ನು ಕಿತ್ತುಕೊಂಡು ರ್‍ಯಾಡಿಕಲ್ ಬಿಡುತ್ತದೆ, ಎರಡನೆಯದು ಆ ರ್‍ಯಾಡಿಕಲ್ಲನ್ನು ಹಿಡಿಯುತ್ತದೆ. ಲೆಕ್ಕದ ಪ್ರಕಾರ ಎರಡು ಈಕ್ವಿವಲೆಂಟ್ (ಒಂದು ಅಣುವಿಗೆ ಎರಡು) ಸಾಕು; ಆದರೆ ರೂಢಿಯಲ್ಲಿ 4ರಿಂದ 10, ಕೆಲವೊಮ್ಮೆ ಇನ್ನೂ ಹೆಚ್ಚು ಹಾಕುತ್ತಿದ್ದರು.

ಸೇರ್ಪಡೆ ಮುಗಿದ ಮೇಲೆ ಉಳಿಯುವುದು ಕ್ರೋಮಿಯಂ(3) ಆಲ್ಕಾಕ್ಸೈಡ್. ಕ್ರೋಮಿಯಂ–ಆಕ್ಸಿಜನ್ ಬಂಧ ಗಟ್ಟಿ, ತಾನಾಗಿ ಬಿಡುವುದಿಲ್ಲ. ಫ್ಯೂರ್ಸ್ಟ್ನರ್ ವಿಧಾನದಲ್ಲಿ ಟಿಎಂಎಸ್ (ಟ್ರೈಮೀಥೈಲ್ ಸಿಲೈಲ್) ಕ್ಲೋರೈಡ್ ಆ ಆಕ್ಸಿಜನ್ನನ್ನು ತಾನು ತೆಗೆದುಕೊಂಡು ಕ್ರೋಮಿಯಮ್ಮಿಗೆ ಕ್ಲೋರೈಡ್ ಕೊಡುತ್ತದೆ. ಮ್ಯಾಂಗನೀಸ್ ಪುಡಿ ಕ್ರೋಮಿಯಂ(3)ನ್ನು ಮತ್ತೆ (2)ಕ್ಕೆ ಇಳಿಸುತ್ತದೆ. ಚಕ್ರ ತಿರುಗುತ್ತದೆ. ಲೆಕ್ಕಕ್ಕೆ ಒಂದು ಈಕ್ವಿವಲೆಂಟ್ ಮ್ಯಾಂಗನೀಸ್ ಸಾಕಾದರೂ 2–3 ಹಾಕುತ್ತಾರೆ, ಯಾಕೆಂದರೆ ಕೆಲಸ ನಡೆಯುವುದು ಲೋಹದ ಮೇಲ್ಮೈಯಲ್ಲಿ ಮಾತ್ರ.

ಈ ಎರಡೂ ಸಹಾಯಕರು ಅಸಮಮಿತ ಕ್ರಿಯೆಯಲ್ಲಿ ಅಡ್ಡದಾರಿಯನ್ನೂ ತೆರೆಯಬಲ್ಲರು. ಇಇ (ಉತ್ಪನ್ನದ ಒಂದು ಕನ್ನಡಿರೂಪ ಇನ್ನೊಂದಕ್ಕಿಂತ ಶೇಕಡಾ ಎಷ್ಟು ಹೆಚ್ಚು ಎಂಬ ಅಳತೆ) ಕುಸಿದಾಗ ಬಹಳ ಜನ ಲಿಗ್ಯಾಂಡನ್ನು ದೂರುತ್ತಾರೆ. ಆದರೆ ಮೊದಲು ಅನುಮಾನಿಸಬೇಕಾದದ್ದು ಲಿಗ್ಯಾಂಡಿನ ಕೈ ಸೋಕದೆ ನಡೆದುಹೋದ ಕ್ರಿಯೆಯನ್ನು.

ಯಾವ ಲಿಗ್ಯಾಂಡ್ ಆರಿಸಲಿ?

ನ್ಯೂಕ್ಲಿಯೋಫೈಲ್ ನೋಡಿ ಆರಿಸಿ. ಸರಳ ಅಲೈಲೇಷನ್ನಿಗೆ ಕಲಿಕೆಯ ಹಂತದಲ್ಲಿ ಸ್ಯಾಲೆನ್ ಒಳ್ಳೆಯದು: ಕೊಂಡರೆ ಸಿಗುತ್ತದೆ, ಗಾಳಿಯಲ್ಲಿ ಕೆಡುವುದಿಲ್ಲ. ಬೆಂಜಾಲ್ಡಿಹೈಡಿನಲ್ಲಿ 80% ಆಸುಪಾಸಿನ ಇಇ ನಿರೀಕ್ಷಿಸಬಹುದು. ಅಲೈಲ್, ಮೆಥಲೈಲ್, ಪ್ರೊಪಾರ್ಜಿಲ್ ಮೂರಕ್ಕೂ 90% ದಾಟಬೇಕೆಂದರೆ ವಸೇಡಾದ ನಕಾಡಾ ತಂಡದ ಕಾರ್ಬಜೋಲ್ ಬಿಸ್‌ಆಕ್ಸಜೋಲಿನ್ ನೋಡಿ. ಅದು ಮೂರು ನೈಟ್ರೋಜನ್ನುಗಳಿಂದ ಕ್ರೋಮಿಯಮ್ಮನ್ನು ಬಿಗಿಯಾಗಿ ಹಿಡಿಯುತ್ತದೆ. ವಿನೈಲ್ ಅಯೋಡೈಡಿಗೆ ಕಿಶಿಯವರ ಸಲ್ಫೋನಮೈಡ್–ಆಕ್ಸಜೋಲಿನ್ ಲಿಗ್ಯಾಂಡುಗಳಿಗೆ ಸಾಟಿಯಿಲ್ಲ. ಯಾವ ಒಂದು ಲಿಗ್ಯಾಂಡೂ ಎಲ್ಲ ತಲಾಧಾರಗಳಿಗೆ (ಕ್ರಿಯೆಗೆ ಒಳಪಡುವ ಅಣುಗಳಿಗೆ) ಹೊಂದುವುದಿಲ್ಲ ಎಂದು ಕಂಡ ಕಿಶಿ ತಂಡ, 2009ರಲ್ಲಿ ಸಲ್ಫೋನಮೈಡುಗಳ ಒಂದು ದೊಡ್ಡ ಸಂಗ್ರಹವನ್ನೇ ಮಾಡಿ, ಪ್ರತಿ ಜೋಡಣೆಗೂ ಅದರಿಂದ ತಕ್ಕದ್ದನ್ನು ಹೆಕ್ಕುವ ಪದ್ಧತಿ ಪ್ರಕಟಿಸಿತು. ದೊಡ್ಡ ಅಣುಗಳಲ್ಲಿ ಇದೇ ವಾಸ್ತವ.

ಸಲ್ಫೋನಮೈಡಿನ ನೈಟ್ರೋಜನ್ ಮೇಲಿನ ಹೈಡ್ರೋಜನ್ ಹೋದರೇ ಅದು ಕ್ರೋಮಿಯಮ್ಮನ್ನು ಕಟ್ಟುವುದು. ಅದಕ್ಕಾಗಿ ಟ್ರೈಎಥೈಲಮೀನ್ ಅಥವಾ ಪ್ರೋಟಾನ್ ಸ್ಪಂಜ್ ಬೇಕೇಬೇಕು. ಸ್ಯಾಲೆನ್, ಕಾರ್ಬಜೋಲ್ ಲಿಗ್ಯಾಂಡುಗಳಿಗೂ ಹಾಗೆಯೇ ಪ್ರತ್ಯಾಮ್ಲ ಬೇಕು. ಅದನ್ನು ಮರೆತರೆ ಫ್ಲಾಸ್ಕಿನಲ್ಲಿ ಲಿಗ್ಯಾಂಡ್ ಒಂದು ಕಡೆ, ಕ್ರೋಮಿಯಂ ಒಂದು ಕಡೆ, ಸಿಗುವುದು ರೇಸಿಮಿಕ್, ಅಂದರೆ ಎರಡೂ ಕನ್ನಡಿರೂಪಗಳ ಸಮಪಾಲು ಮಿಶ್ರಣ.

1 ಮಿಲಿಮೋಲ್ ಅಳತೆಯಲ್ಲಿ ಸ್ಯಾಲೆನ್ ವಿಧಾನದ ಅಲೈಲೇಷನ್ ಹೇಗೆ ಮಾಡುವುದು?

ಎಲ್ಲ ಗಾಜೂ ಒಲೆಯಲ್ಲಿ ಒಣಗಿರಲಿ. ಆರ್ಗಾನ್ ಅಥವಾ ಆಮ್ಲಜನಕವಿಲ್ಲದ ನೈಟ್ರೋಜನ್ ಬೇಕು. ಅಸಿಟೊನೈಟ್ರೈಲನ್ನು ಕ್ಯಾಲ್ಸಿಯಂ ಹೈಡ್ರೈಡ್ ಮೇಲೆ ಬಟ್ಟಿ ಇಳಿಸಿ, ಅನಿಲ ಹಾಯಿಸಿ ಗಾಳಿ ಹೊರದೂಡಿರಬೇಕು.

ಫ್ಲಾಸ್ಕಿಗೆ ನಿರ್ಜಲ ಕ್ರೋಮಿಯಂ(3) ಕ್ಲೋರೈಡ್ 15.8 ಮಿ.ಗ್ರಾಂ (10 ಮೋಲ್%) ಮತ್ತು ಮ್ಯಾಂಗನೀಸ್ ಪುಡಿ 165 ಮಿ.ಗ್ರಾಂ (3 ಈಕ್ವಿವಲೆಂಟ್) ಹಾಕಿ, 2 ಮಿ.ಲೀ. ಅಸಿಟೊನೈಟ್ರೈಲ್ ಸೇರಿಸಿ ಜೋರಾಗಿ ಕಲಕಿ. ನೇರಳೆ ಹರಳುಗಳು ಕರಗಿ ಬಣ್ಣ ಹಸಿರಿನತ್ತ ತಿರುಗಬೇಕು. ನಿರ್ಜಲ ಕ್ರೋಮಿಯಂ(3) ಕ್ಲೋರೈಡ್ ತಾನಾಗಿ ಕರಗದು. ಮೇಲ್ಮೈಯಲ್ಲಿ ಚೂರು ಕ್ರೋಮಿಯಂ(2) ಹುಟ್ಟಿದ ಮೇಲೆಯೇ ಕರಗಲು ಶುರು. ಹಾಗಾಗಿ ಬಣ್ಣ ಬದಲಾಗುವ ತನಕ ಮುಂದಿನ ಹೆಜ್ಜೆ ಇಡಬೇಡಿ.

ಈಗ ಜೇಕಬ್ಸನ್ ಸ್ಯಾಲೆನ್ ಲಿಗ್ಯಾಂಡ್ 55 ಮಿ.ಗ್ರಾಂ (10 ಮೋಲ್%) ಮತ್ತು ಟ್ರೈಎಥೈಲಮೀನ್ 28 ಮೈಕ್ರೋಲೀಟರ್ (20 ಮೋಲ್%) ಹಾಕಿ ಒಂದು ಗಂಟೆ ಕಲಕಿ. ಬಳಿಕ ಅಲೈಲ್ ಕ್ಲೋರೈಡ್ 0.16 ಮಿ.ಲೀ. (2 ಈಕ್ವಿವಲೆಂಟ್), ಮತ್ತೊಂದು ಗಂಟೆ. ಕೊನೆಗೆ ಹೊಸದಾಗಿ ಬಟ್ಟಿ ಇಳಿಸಿದ ಬೆಂಜಾಲ್ಡಿಹೈಡ್ 0.10 ಮಿ.ಲೀ. ಮತ್ತು ಟಿಎಂಎಸ್ ಕ್ಲೋರೈಡ್ 0.19 ಮಿ.ಲೀ. (1.5 ಈಕ್ವಿವಲೆಂಟ್). ಕೋಣೆಯ ಉಷ್ಣತೆಯಲ್ಲಿ ಒಂದು ರಾತ್ರಿ ಬಿಡಿ; ಟಿಎಲ್‌ಸಿ ನೋಡುತ್ತಿರಿ.

ಸಂತೃಪ್ತ ಸೋಡಿಯಂ ಬೈಕಾರ್ಬೊನೇಟಿನಿಂದ ನಿಲ್ಲಿಸಿ, ಸೆಲೈಟ್ ಮೂಲಕ ಸೋಸಿ, ಈಥರಿನಲ್ಲಿ ಎಳೆಯಿರಿ. ಸಿಗುವುದು ಆಲ್ಕೊಹಾಲ್ ಮತ್ತು ಅದರ ಸಿಲೈಲ್ ಈಥರಿನ ಮಿಶ್ರಣ. ಟಿಎಚ್‌ಎಫ್‌ನಲ್ಲಿ ಕರಗಿಸಿ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಹಾಕಿ ಕಲಕಿದರೆ ಸಿಲೈಲ್ ಕಳಚಿಕೊಳ್ಳುತ್ತದೆ.

ಹಾಕುವ ಕ್ರಮವನ್ನು ಬದಲಿಸಬೇಡಿ. ಲಿಗ್ಯಾಂಡ್ ಕೂರುವ ಮೊದಲೇ ಆಲ್ಡಿಹೈಡ್, ಹ್ಯಾಲೈಡ್ ಎರಡೂ ಬಿದ್ದರೆ ಲಿಗ್ಯಾಂಡಿಲ್ಲದ ಬರೀ ಕ್ರೋಮಿಯಂ ಕೆಲಸ ಮುಗಿಸಿಬಿಡುತ್ತದೆ.

ಅಲೈಲ್ ಬ್ರೋಮೈಡ್ ಹೆಚ್ಚು ಚುರುಕು. ಅದನ್ನೇ ಯಾಕೆ ಹಾಕಬಾರದು?

ಚುರುಕೇ ತೊಂದರೆ. ಬ್ರೋಮೈಡ್ ಮ್ಯಾಂಗನೀಸಿನ ಜೊತೆ ನೇರವಾಗಿಯೂ ಕ್ರಿಯೆ ನಡೆಸಬಲ್ಲದು. ಹಾಗೆ ಆದ ಅಲೈಲ್ ಮ್ಯಾಂಗನೀಸಿಗೆ ನಿಮ್ಮ ಕೈರಲ್ ಲಿಗ್ಯಾಂಡಿನ ಪರಿಚಯವಿಲ್ಲ. ಕ್ಲೋರೈಡ್ ನಿಧಾನ, ಆದರೆ ಕ್ರೋಮಿಯಂ ದಾರಿಯಲ್ಲೇ ಹೋಗುತ್ತದೆ. ಬ್ರೋಮೈಡೇ ಬೇಕಿದ್ದರೆ ಉಷ್ಣತೆ ಇಳಿಸಿ, ಸಿರಿಂಜ್ ಪಂಪಿನಿಂದ ನಿಧಾನ ಸೇರಿಸಿ.

ಇಳುವರಿ ಚೆನ್ನಾಗಿದೆ, ಇಇ ಮಾತ್ರ ಕಡಿಮೆ. ಎಲ್ಲಿಂದ ಹುಡುಕಲಿ?

ಮೊದಲು ಒಂದು ಲೆಕ್ಕ. ಲಿಗ್ಯಾಂಡ್ ಇರುವ ಕ್ರೋಮಿಯಂ 96% ಇಇ ಕೊಡುತ್ತದೆ ಎನ್ನೋಣ. ಉತ್ಪನ್ನದ ಹತ್ತನೇ ಒಂದು ಪಾಲು ರೇಸಿಮಿಕ್ ಅಡ್ಡದಾರಿಯಿಂದ ಬಂದರೆ ಒಟ್ಟು ಇಇ 86.4%. ಕಾಲುಪಾಲು ಬಂದರೆ 72%. ಈ ನಷ್ಟವನ್ನು ಎಷ್ಟೇ ಒಳ್ಳೆಯ ಲಿಗ್ಯಾಂಡ್ ತಂದರೂ ತುಂಬಲಾಗದು.

ಆದ್ದರಿಂದ ಎರಡು ಖಾಲಿ ಪ್ರಯೋಗ ಮಾಡಿ. ಒಂದರಲ್ಲಿ ಕ್ರೋಮಿಯಮ್ಮೂ ಲಿಗ್ಯಾಂಡೂ ಇಲ್ಲ. ಮ್ಯಾಂಗನೀಸ್, ಹ್ಯಾಲೈಡ್, ಆಲ್ಡಿಹೈಡ್, ಟಿಎಂಎಸ್ ಕ್ಲೋರೈಡ್ ಮಾತ್ರ. ಅದೇ ಹೊತ್ತಿನಲ್ಲಿ ಇದರಲ್ಲೂ ಉತ್ಪನ್ನ ಬಂದರೆ ಲೋಹದ್ದೇ ತಪ್ಪು: ಅದು ಅತಿ ಚುರುಕಾಗಿದೆ, ಅಥವಾ ಹ್ಯಾಲೈಡ್ ಅತಿ ಚುರುಕಿನದು. ಇನ್ನೊಂದರಲ್ಲಿ ಕ್ರೋಮಿಯಂ ಇದೆ, ಲಿಗ್ಯಾಂಡ್ ಇಲ್ಲ. ಇದು ಲಿಗ್ಯಾಂಡಿರುವ ಕ್ರಿಯೆಗಿಂತ ವೇಗವಾಗಿದ್ದರೆ, ಕಟ್ಟದೆ ಉಳಿದ ಚೂರು ಕ್ರೋಮಿಯಮ್ಮೂ ದೊಡ್ಡ ಹಾನಿ ಮಾಡುತ್ತದೆ. ಆಗ ಲಿಗ್ಯಾಂಡನ್ನು ಕ್ರೋಮಿಯಮ್ಮಿನ 1.1–1.2 ಪಟ್ಟಿಗೆ ಏರಿಸಿ, ಕಟ್ಟಿಕೊಳ್ಳುವ ಹೊತ್ತನ್ನೂ ಹೆಚ್ಚಿಸಿ.

ಮೂರನೆಯ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ, ಮಾಡಬೇಕು: 20%, 50%, 90% ಪರಿವರ್ತನೆಯಲ್ಲಿ ಮಾದರಿ ತೆಗೆದು ಇಇ ಅಳೆಯಿರಿ. ಮೊದಲು ಹೆಚ್ಚಿದ್ದು ಆಮೇಲೆ ಇಳಿದರೆ ಲಿಗ್ಯಾಂಡ್ ಕ್ರೋಮಿಯಮ್ಮಿನಿಂದ ಕಳಚುತ್ತಿದೆ, ಅಥವಾ ಕ್ರಿಯೆಯ ಕಸ ಅಡ್ಡದಾರಿಯನ್ನು ಬೆಳೆಸುತ್ತಿದೆ. ಆರಂಭದಲ್ಲಿ ಕಡಿಮೆ ಇದ್ದು ಆಮೇಲೆ ಏರಿದರೆ ವೇಗವರ್ಧಕ ಪೂರ್ತಿ ರೂಪುಗೊಳ್ಳುವ ಮುನ್ನ ಆಲ್ಡಿಹೈಡ್ ಹಾಕಿದ್ದೀರಿ. ಶುರುವಿನಿಂದ ಕೊನೆತನಕ ಒಂದೇ ಮಟ್ಟದಲ್ಲಿ ಕಡಿಮೆ ಇದ್ದು, ಖಾಲಿ ಪ್ರಯೋಗಗಳೂ ಸ್ವಚ್ಛವಾಗಿದ್ದರೆ ಮಾತ್ರ ಲಿಗ್ಯಾಂಡ್ ಬದಲಿಸುವ ಮಾತು.

ಟಿಎಂಎಸ್ ಕ್ಲೋರೈಡಿನಲ್ಲಿ ಸೇರಿಕೊಂಡ ಹೈಡ್ರೋಜನ್ ಕ್ಲೋರೈಡ್ ಇನ್ನೊಂದು ಕಳ್ಳ. ಅದು ಪ್ರತ್ಯಾಮ್ಲವನ್ನು ತಿಂದು, ಲಿಗ್ಯಾಂಡಿಗೆ ಪ್ರೋಟಾನ್ ಮರಳಿಸಿ ಕ್ರೋಮಿಯಮ್ಮಿನಿಂದ ಬಿಡಿಸುತ್ತದೆ. ಮಳೆಗಾಲದಲ್ಲಿ ಪದೇ ಪದೇ ತೆರೆದ ಬಾಟಲಿಯನ್ನು ನಂಬಲೇಬೇಡಿ. ಕ್ಯಾಲ್ಸಿಯಂ ಹೈಡ್ರೈಡ್ ಮೇಲೆ ಬಟ್ಟಿ ಇಳಿಸಿ ಬಳಸಿ.

ಕ್ರಿಯೆ ಶುರುವೇ ಆಗಲಿಲ್ಲ. ಏನು ತಪ್ಪಿರಬಹುದು?

ಹೆಚ್ಚಿನ ಸಲ ಮ್ಯಾಂಗನೀಸಿನ ಮೇಲಿನ ಆಕ್ಸೈಡ್ ಪದರ. ಪುಡಿಯನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಚುಟುಕಾಗಿ ತೊಳೆದು, ನೀರು, ಅಸಿಟೋನ್, ಈಥರಿನಲ್ಲಿ ಜಾಲಾಡಿ, ನಿರ್ವಾತದಲ್ಲಿ ಒಣಗಿಸಿ. ಹೀಗೆ ಚುರುಕುಗೊಳಿಸಿದ ನುಣ್ಣನೆ ಪುಡಿ ಬೆಂಕಿ ಹಿಡಿಯಬಲ್ಲದು, ಗಾಳಿಯಲ್ಲಿ ಹರಡಬೇಡಿ. ಎರಡನೆಯ ಕಾರಣ ಕಲಕುವಿಕೆ. ಪುಡಿ ತಳದಲ್ಲಿ ಕೂತರೆ ಕ್ರೋಮಿಯಂ(2) ಹುಟ್ಟುವುದೇ ಇಲ್ಲ. ಸಣ್ಣ ಫ್ಲಾಸ್ಕಿನಲ್ಲಿ ಮೊಟ್ಟೆಯಾಕಾರದ ಕಾಂತಕಡ್ಡಿ ಸಾಕು, 100 ಮಿ.ಲೀ. ದಾಟಿದ ಮೇಲೆ ಮೇಲಿನಿಂದ ತಿರುಗುವ ಯಾಂತ್ರಿಕ ಕಲಕಿ ಬೇಕು. ಮೂರನೆಯದು ಆಮ್ಲಜನಕ: 10 ಮೋಲ್% ಕ್ರೋಮಿಯಂ ಎಂದರೆ 1 ಮಿಲಿಮೋಲ್ ಅಳತೆಯಲ್ಲಿ 0.1 ಮಿಲಿಮೋಲ್ ಮಾತ್ರ, ಅದನ್ನು ಕೊಲ್ಲಲು ಕೆಲವೇ ಮಿ.ಲೀ. ಗಾಳಿ ಸಾಕು.

ನೇರವಾಗಿ ಕ್ರೋಮಿಯಂ(2) ಕ್ಲೋರೈಡ್ ಬಳಸುವವರು ಬಣ್ಣ ನೋಡಿ. ಒಳ್ಳೆಯದು ಬಿಳಿ ಅಥವಾ ನಸುಬೂದಿ. ಹಸಿರು ತಿರುಗಿದ್ದರೆ ಗಾಳಿ, ನೀರು ತಗುಲಿದೆ.

ವಿನೈಲ್ ಅಯೋಡೈಡಿಗೆ ನಿಕ್ಕಲ್ ಎಷ್ಟು?

ಕಡಿಮೆ ಸಾಕು ಎನ್ನುವುದಕ್ಕಿಂತ, ಕಡಿಮೆಯೇ ಬೇಕು. ಕ್ರೋಮಿಯಂ(2) ವಿನೈಲ್ ಅಯೋಡೈಡನ್ನು ತಾನಾಗಿ ಮುಟ್ಟುವುದು ಬಹಳ ನಿಧಾನ. ನಿಕ್ಕಲ್(0) ಆ ಬಂಧದೊಳಗೆ ನುಗ್ಗಿ, ವಿನೈಲ್ ಗುಂಪನ್ನು ಕ್ರೋಮಿಯಂ(3)ಕ್ಕೆ ದಾಟಿಸುತ್ತದೆ; ದ್ವಿಬಂಧದ ಜ್ಯಾಮಿತಿ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ನಿಕ್ಕಲ್ ಹೆಚ್ಚಾದರೆ ವಿನೈಲ್ ಗುಂಪುಗಳೆರಡು ತಾವೇ ಕೂಡಿ ಡೈಯೀನ್ ಆಗುತ್ತವೆ. ಕ್ರೋಮಿಯಂ ಧಾರಾಳವಾಗಿರುವ ಹಳೆಯ ವಿಧಾನದಲ್ಲಿ ಅದರ ತೂಕದ 0.1ರಿಂದ 1% ನಿಕ್ಕಲ್ ಕ್ಲೋರೈಡ್ ಸಾಕು. ವೇಗವರ್ಧಕ ವಿಧಾನದಲ್ಲಿ 10 ಮೋಲ್% ಕ್ರೋಮಿಯಮ್ಮಿಗೆ 1–2 ಮೋಲ್% ನಿಕ್ಕಲ್, ಅದೂ 2,9-ಡೈಮೀಥೈಲ್ ಫಿನಾಂಥ್ರೋಲಿನ್ ಜೊತೆ ಕಟ್ಟಿದ್ದು. ಆ ಫಿನಾಂಥ್ರೋಲಿನ್ನಿಗೆ ಅರ್ಥವಿದೆ: ನಿಕ್ಕಲ್ಲಿಗೆ ಅದರದೇ ಲಿಗ್ಯಾಂಡ್ ಇದ್ದರೆ ಕ್ರೋಮಿಯಮ್ಮಿನ ಕೈರಲ್ ಲಿಗ್ಯಾಂಡಿಗೆ ಅದು ಕೈಚಾಚುವುದಿಲ್ಲ.

ಕಿಶಿ ವಿಧಾನದಲ್ಲಿ ಜಿರ್ಕೋನೋಸೀನ್ ಡೈಕ್ಲೋರೈಡ್ ಯಾಕೆ? ಟಿಎಂಎಸ್ ಕ್ಲೋರೈಡ್ ಸಾಲದೆ?

ಎರಡರ ಕೆಲಸವೂ ಕ್ರೋಮಿಯಂ–ಆಕ್ಸಿಜನ್ ಬಂಧ ಬಿಡಿಸುವುದೇ. ಜಿರ್ಕೋನಿಯಮ್ಮಿಗೆ ಆಕ್ಸಿಜನ್ ಮೇಲೆ ಸೆಳೆತ ಬಹಳ, ಕ್ರಿಯೆ ವೇಗವಾಗುತ್ತದೆ. ಆಮ್ಲಕ್ಕೆ ಹೆದರುವ ರಕ್ಷಣಾ ಗುಂಪುಗಳಿರುವ ಅಣುಗಳಲ್ಲಿ ಇದು ಹೆಚ್ಚು ಸುರಕ್ಷಿತ. ಸಿಗುವುದೂ ಸಿಲೈಲ್ ಈಥರಲ್ಲ, ನೇರ ಆಲ್ಕೊಹಾಲ್. ಸುಮಾರು 1.5 ಈಕ್ವಿವಲೆಂಟ್ ಜಿರ್ಕೋನೋಸೀನ್, 2 ಈಕ್ವಿವಲೆಂಟ್ ಮ್ಯಾಂಗನೀಸ್, 2 ಈಕ್ವಿವಲೆಂಟ್ ಒಣ ಲಿಥಿಯಂ ಕ್ಲೋರೈಡ್, ಇದು ಆರಂಭಕ್ಕೆ ತಕ್ಕ ಅಳತೆ. ಲಿಥಿಯಂ ಕ್ಲೋರೈಡ್ ತೇವ ಹೀರುವುದರಲ್ಲಿ ಎತ್ತಿದ ಕೈ. ನಿರ್ವಾತದಲ್ಲಿ ಬಿಸಿಮಾಡಿ ಒಣಗಿಸದೆ ಹಾಕಬೇಡಿ.

ಕ್ರೋಟೈಲ್ ಬ್ರೋಮೈಡ್ ಹಾಕಿದರೆ ಸಿನ್ ಬರುತ್ತದೋ ಆಂಟಿಯೋ?

ಸಿನ್ ಎಂದರೆ ಉತ್ಪನ್ನದ ಮೀಥೈಲ್ ಮತ್ತು ಹೈಡ್ರಾಕ್ಸಿಲ್ ಒಂದೇ ಕಡೆ, ಆಂಟಿ ಎಂದರೆ ಎದುರುಬದುರು. ಲಿಗ್ಯಾಂಡ್ ಇಲ್ಲದ ಕ್ರೋಮಿಯಂ ಆಂಟಿ ಕೊಡುತ್ತದೆ. ನೀವು ಹಾಕಿದ ಬ್ರೋಮೈಡ್ ಇ (ದ್ವಿಬಂಧದ ಗುಂಪುಗಳು ಎದುರುಬದುರು) ಆಗಿರಲಿ, ಜಡ್ (ಒಂದೇ ಕಡೆ) ಆಗಿರಲಿ, ಕ್ರೋಟೈಲ್ ಕ್ರೋಮಿಯಂ ಒಳಗೊಳಗೇ ಇ ರೂಪಕ್ಕೆ ಬಂದು, ಕುರ್ಚಿಯಾಕಾರದ ಆರು ಸದಸ್ಯರ ಸಂಕ್ರಮಣ ಸ್ಥಿತಿಯ ಮೂಲಕ ಸೇರುತ್ತದೆ. ಹಾಗಾಗಿ ಹ್ಯಾಲೈಡಿನ ಐಸೋಮರ್ ಶುದ್ಧತೆಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಸ್ಯಾಲೆನ್ ಮಾತ್ರ ಬೇರೆ ದಾರಿ ಹಿಡಿಯುತ್ತದೆ: ಕ್ರೋಮಿಯಮ್ಮಿಗೆ ಎರಡು ಪಟ್ಟು ಸ್ಯಾಲೆನ್ ಹಾಕಿದಾಗ ಸಿನ್ ಮುಂದಾಗುವುದನ್ನು ಬೊಲೊನ್ಯಾ ತಂಡ ತೋರಿಸಿದೆ.

ಕೀಟೋನುಗಳಿಗೆ ಆಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ, ಮತ್ತು ಆ ನಿರಾಸಕ್ತಿಯೇ ಈ ಕ್ರಿಯೆಯ ಬಲ. ಆದರೂ 2007ರಲ್ಲಿ ಮಿಲ್ಲರ್ ಮತ್ತು ಸಿಗ್ಮನ್ ಪ್ರೋಲಿನ್ ಮೂಲದ ಆಕ್ಸಜೋಲಿನ್ ಲಿಗ್ಯಾಂಡಿನಿಂದ ಕೀಟೋನುಗಳ ಅಸಮಮಿತ ಅಲೈಲೇಷನ್ ಪ್ರಕಟಿಸಿದರು.

ಕೊನೆಗೆ ಹಸಿರು ಲೋಳೆ, ಪದರ ಬೇರ್ಪಡುವುದೇ ಇಲ್ಲ. ಏನು ಮಾಡಲಿ?

ಕ್ರೋಮಿಯಂ(3) ಹೈಡ್ರಾಕ್ಸೈಡ್ ಲೋಳೆ ನಿಮ್ಮ ಉತ್ಪನ್ನವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕ್ರೋಮಿಯಂ ಹೆಚ್ಚಿರುವ ಕ್ರಿಯೆಗಳಲ್ಲಿ ಕಿಶಿ ತಂಡದವರಂತೆ 1 ಮೋಲಾರ್ ಸೋಡಿಯಂ ಸೆರಿನೇಟ್ ದ್ರಾವಣ ಹಾಕಿ ಅರ್ಧ ಗಂಟೆಯಾದರೂ ಕಲಕಿ. ಸೆರಿನ್ ಎಂಬ ಅಮೈನೋ ಆಮ್ಲ ಕ್ರೋಮಿಯಮ್ಮನ್ನು ಕಟ್ಟಿ ನೀರಿಗೆ ಎಳೆಯುತ್ತದೆ, ಮೇಲಿನ ಪದರ ತಿಳಿಯಾಗುತ್ತದೆ. ಎಥಿಲೀನ್ ಡೈಅಮೀನ್ ಕೂಡ ಇದೇ ಕೆಲಸ ಮಾಡುತ್ತದೆ. ಇಲ್ಲಿ ತಾಳ್ಮೆ ಬೇಕು; "ಇಳುವರಿ 40%" ಎಂದು ಬರೆದಿಟ್ಟದ್ದರಲ್ಲಿ ಉಳಿದದ್ದು ಲೋಳೆಯಲ್ಲೇ ಕೂತಿರಬಹುದು.

ಆರೊಮ್ಯಾಟಿಕ್ ಆಲ್ಡಿಹೈಡಿನಲ್ಲಿ ಡೈಯಾಲ್ ಬರುತ್ತಿದೆ. ಯಾಕೆ?

ಅದು ಪಿನಕಾಲ್ ಜೋಡಣೆ. ಆಲ್ಡಿಹೈಡ್ ಎಲೆಕ್ಟ್ರಾನ್ ಪಡೆದು ತನ್ನ ಜೊತೆಗಾರನನ್ನೇ ಕೂಡಿದೆ. ಹ್ಯಾಲೈಡ್ ಕಡಿಮೆ ಇದ್ದಾಗ ಇಲ್ಲವೇ ನಿಧಾನವಾಗಿದ್ದಾಗ ಹೀಗಾಗುತ್ತದೆ. ಹ್ಯಾಲೈಡ್ ಮೊದಲು ಹಾಕಿ ಆರ್ಗನೋಕ್ರೋಮಿಯಂ ಆಗಲು ಬಿಡಿ, ಆಲ್ಡಿಹೈಡನ್ನು ಆಮೇಲೆ ನಿಧಾನವಾಗಿ ಸೇರಿಸಿ.

ಇಇ ಅಳೆಯುವುದು ಹೇಗೆ?

ಕೈರಲ್ ಕಾಲಂ ಇರುವ ಎಚ್‌ಪಿಎಲ್‌ಸಿ, ಇಲ್ಲವೇ ಮೋಶರ್ ಎಸ್ಟರ್ (ಕೈರಲ್ ಆಮ್ಲವೊಂದರ ಎಸ್ಟರ್) ಮಾಡಿ ಎನ್‌ಎಂಆರ್. ರೇಸಿಮಿಕ್ ಮಾದರಿ ಮೊದಲೇ ಕೈಯಲ್ಲಿರಬೇಕು. ಅಲೈಲ್ ಆಲ್ಕೊಹಾಲುಗಳಿಗೆ ಅದು ಸುಲಭ: ಸತು ಪುಡಿ, ಅಲೈಲ್ ಬ್ರೋಮೈಡ್, ಟಿಎಚ್‌ಎಫ್ ಮತ್ತು ಸಂತೃಪ್ತ ಅಮೋನಿಯಂ ಕ್ಲೋರೈಡ್, ಅಷ್ಟೇ. ಎರಡು ಶಿಖರಗಳೂ ತಳದವರೆಗೆ ಬೇರ್ಪಟ್ಟಿವೆಯೇ ನೋಡಿ. 95:5 ಅನುಪಾತ ಎಂದರೆ 90% ಇಇ, ಅಂದರೆ 25 ಡಿಗ್ರಿಯಲ್ಲಿ ಎರಡು ಮುಖಗಳ ನಡುವಿನ ಶಕ್ತಿ ವ್ಯತ್ಯಾಸ ಮೋಲಿಗೆ ಸುಮಾರು 1.7 ಕಿಲೋಕ್ಯಾಲರಿ.

ಪ್ರಯೋಗಾಲಯದ ಹೊರಗೆ ಇದರ ಉಪಯೋಗ ಇದೆಯೇ?

ಇದೆ, ಅದೂ ಕ್ಯಾನ್ಸರ್ ವಾರ್ಡಿನಲ್ಲಿ. ಹ್ಯಾಲಿಕಾಂಡ್ರಿಯಾ ಒಕಡಾಯ್ ಎಂಬ ಸಮುದ್ರ ಸ್ಪಂಜಿನಿಂದ ಹಿರಾಟಾ, ಉಎಮುರಾ 1986ರಲ್ಲಿ ವರದಿ ಮಾಡಿದ ಹ್ಯಾಲಿಕಾಂಡ್ರಿನ್ ಬಿ ಅಣುವನ್ನು ಕಿಶಿ ತಂಡ 1992ರಲ್ಲಿ ಪೂರ್ತಿಯಾಗಿ ಸಂಶ್ಲೇಷಿಸಿತು. ಅದರ ಬಲಭಾಗವನ್ನು ಸರಳಗೊಳಿಸಿ ಐಸಾಯ್ ಕಂಪನಿ ರೂಪಿಸಿದ ಎರಿಬ್ಯುಲಿನ್, ಹರಡಿದ ಸ್ತನ ಕ್ಯಾನ್ಸರಿಗೆ ಔಷಧಿಯಾಗಿ 2010ರ ನವೆಂಬರಿನಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಅದರಲ್ಲಿ 19 ಸ್ಟೀರಿಯೊ ಕೇಂದ್ರಗಳಿವೆ. ಸ್ಪಂಜಿನಿಂದ ತೆಗೆದು ಪೂರೈಸುವ ಮಾತೇ ಇಲ್ಲ, ಪೂರ್ತಿ ಸಂಶ್ಲೇಷಣೆಯಿಂದಲೇ ತಯಾರಾಗುತ್ತದೆ. ತಯಾರಿಕೆಯಲ್ಲಿ ಎನ್‌ಎಚ್‌ಕೆ ಬರುವುದು ಮೂರು ಕಡೆ: 19–20 ಮತ್ತು 26–27ನೇ ಕಾರ್ಬನ್ನುಗಳ ಜೋಡಣೆ ಸಲ್ಫೋನಮೈಡ್ ಲಿಗ್ಯಾಂಡಿನ ನೆರವಿನಿಂದ, ಕೊನೆಗೆ 13–14ರ ನಡುವೆ ದೊಡ್ಡ ಉಂಗುರ ಮುಚ್ಚಲು.

ಕ್ರೋಮಿಯಂ ವಿಷವಲ್ಲವೇ? ಕಸ ಎಲ್ಲಿ ಹಾಕಲಿ?

ಕುಖ್ಯಾತವಾದದ್ದು ಕ್ರೋಮಿಯಂ(6), ಅದು ಕ್ಯಾನ್ಸರ್‌ಕಾರಕ. ಇಲ್ಲಿ ಬಳಸುವುದು (2) ಮತ್ತು (3), ಅವುಗಳ ವಿಷ ಬಹಳ ಕಡಿಮೆ. ಆದರೆ ಕಸದ ಡಬ್ಬಿಯಲ್ಲಿ (3) ಮತ್ತೆ (6) ಆಗಲು ಸಾಧ್ಯ: ಕ್ಷಾರದ ಜೊತೆ ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಬ್ಲೀಚ್ ಬಿದ್ದರೆ ಸಾಕು. ಆದ್ದರಿಂದ ಕ್ರೋಮಿಯಂ ಕಸಕ್ಕೆ ಬೇರೆ ಡಬ್ಬಿ, ಉತ್ಕರ್ಷಕಗಳಿಂದ ದೂರ, ಸಿಂಕಿಗೆ ಹನಿಯೂ ಬೇಡ. ನಿಕ್ಕಲ್ ಲವಣಗಳನ್ನು ಇದಕ್ಕಿಂತ ಹೆಚ್ಚು ಎಚ್ಚರದಿಂದ ಮುಟ್ಟಿ. ಅವು ಕ್ಯಾನ್ಸರ್‌ಕಾರಕ, ಚರ್ಮಕ್ಕೆ ಅಲರ್ಜಿಯನ್ನೂ ತರುತ್ತವೆ. ಅಲೈಲ್ ಹ್ಯಾಲೈಡುಗಳು ಕಣ್ಣುರಿಸುತ್ತವೆ, ಹುಡ್‌ನಿಂದ ಹೊರಗೆ ತರಬೇಡಿ.

ಮ್ಯಾಂಗನೀಸ್ ಪುಡಿಯ ಕಾಟವಿಲ್ಲದೆ ಮಾಡುವ ದಾರಿ ಇದೆಯೇ?

ಬೆಳಕು ಮತ್ತು ವಿದ್ಯುತ್ತು. 2018ರಲ್ಲಿ ಗ್ಲೋರಿಯಸ್ ತಂಡ ಫೋಟೊರೆಡಾಕ್ಸ್ (ಬೆಳಕು ಹೀರಿ ಎಲೆಕ್ಟ್ರಾನ್ ದಾಟಿಸುವ) ವೇಗವರ್ಧಕವನ್ನು ಕ್ರೋಮಿಯಂ ಜೊತೆ ಜೋಡಿಸಿತು. 2019ರಲ್ಲಿ ಕನಾಯ್, ಮಿತ್ಸುನುಮಾ ಮತ್ತು ಸಂಗಡಿಗರು ಅದಕ್ಕೆ ಕೈರಲ್ ಬಿಸ್‌ಆಕ್ಸಜೋಲಿನ್ ಸೇರಿಸಿ, ಹ್ಯಾಲೈಡನ್ನೇ ಕೈಬಿಟ್ಟು, ಸಾದಾ ಆಲ್ಕೀನಿನ ಅಲೈಲಿಕ್ ಹೈಡ್ರೋಜನ್ ತೆಗೆದು ಆಲ್ಡಿಹೈಡಿಗೆ ಸೇರಿಸಿದರು. ಅಲ್ಲಿ ರ್‍ಯಾಡಿಕಲ್ ಹುಟ್ಟುವುದು ಬೆಳಕಿನಿಂದ, ಅದನ್ನು ಹಿಡಿಯುವುದು ಮಾತ್ರ ಕ್ರೋಮಿಯಂ. ಲೋಹದ ಮೇಲ್ಮೈ ಇಲ್ಲವಾದ್ದರಿಂದ ಮೇಲೆ ಹೇಳಿದ ಮ್ಯಾಂಗನೀಸಿನ ಅಡ್ಡದಾರಿ ಮುಚ್ಚಿಹೋಗುತ್ತದೆ. 2021ರಲ್ಲಿ ವಿದ್ಯುತ್ತಿನಿಂದ ಕ್ರೋಮಿಯಂ(3)ನ್ನು ಇಳಿಸುವ ಎನ್‌ಎಚ್‌ಕೆ ವಿಧಾನವೂ ಬಂತು.

ಯಾವ ದಾರಿ ಹಿಡಿದರೂ ಕ್ರೋಮಿಯಂ(2) ಗಾಳಿಗೆ ಅಷ್ಟೇ ಸೂಕ್ಷ್ಮ. ದ್ರಾವಕವನ್ನು ಹೆಪ್ಪುಗಟ್ಟಿಸಿ, ನಿರ್ವಾತ ಎಳೆದು, ಕರಗಿಸುವ ಸುತ್ತನ್ನು ಮೂರು ಸಲ ಮಾಡಿಯೇ ದೀಪ ಹಚ್ಚಿ.